ದಪ್ಪ ಮೆತ್ತೆ ಕೊಟ್ಟ ನೋವು

ಒರಗಿ ಕೂತು ತುಳಿಯುವ ಸೈಕಲ್ಲನ್ನು ಎಷ್ಟು ದೂರ ಓಡಿಸಿದರೂ ಕೂತ ಜಾಗ ನೋಯುವುದಿಲ್ಲ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ನೆದರ್‌ಲ್ಯಾಂಡ್ಸ್‌ಗೆ ಕೆಲಸಕ್ಕೆ ಬಂದ ಮೇಲೆ ಮಾಮೂಲಿ ಸೈಕಲ್ ತುಳಿದು ನನ್ನ ಮಣಿಕಟ್ಟು, ಕುತ್ತಿಗೆ ಎರಡೂ ಹಿಡಿದುಕೊಂಡಿದ್ದವು. ಬೆನ್ನಿಗೆ ಆಸರೆಯಿದ್ದು, ಕಾಲು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್‌ಗೆ ಬದಲಾಯಿಸಿದಾಗ ಆ ಎರಡೂ ಹೋದವು. ಅವು ಹೋದ ಸಂತೋಷದಲ್ಲಿ, ಹೊಸದಾಗಿ ಪೃಷ್ಠದಲ್ಲಿ ಶುರುವಾದ ಉರಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಸೈಕಲ್ಲಿನ ಚರಿತ್ರೆಯೂ ನನ್ನ ಮಾತಿಗೆ ಬಲ ಕೊಡುತ್ತಿತ್ತು. 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ, ಶಾರ್ಲ್ ಮೋಶೆ ತಯಾರಿಸಿದ ರಿಕಂಬೆಂಟ್ ಏರಿ ಒಂದು ಗಂಟೆಯಲ್ಲಿ 45 ಕಿ.ಮೀ.ಗೂ ತುಸು ಹೆಚ್ಚು ದೂರ ಹೋಗಿ ಹಳೆಯ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಂಥ ಸೈಕಲ್‌ಗಳನ್ನು ಪಂದ್ಯದಿಂದ ಹೊರಗಿಟ್ಟಿತು. ಆ ಅನ್ಯಾಯದ ಕಥೆಯನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೆ. ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಅದನ್ನು ಕೇಳಿ, ಕೂಡಿಟ್ಟ ದುಡ್ಡು ಹಾಕಿ, ಒಂದು ಸೆಕೆಂಡ್ ಹ್ಯಾಂಡ್ ರಿಕಂಬೆಂಟ್ ಕೊಂಡ. ಫೋರ್ ಕೂತದ್ದು ಒಂದೇ ಗಂಟೆ, ನಾವು ಕೂರಬೇಕಾದದ್ದು ಇಡೀ ದಿನ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಇಬ್ಬರೂ ಸೇರಿ ಎಂಕ್‌ಹೌಜನ್‌ನಿಂದ ಲೆಲಿಸ್ಟಾಡ್‌ಗೆ ಹೌಟ್‌ರಿಬ್‌ಡೈಕ್ ಮೇಲೆ ಹೊರಟೆವು. ಒಂದು ಕಡೆ ಮಾರ್ಕರ್‌ಮೇರ್ ಸರೋವರ, ಇನ್ನೊಂದು ಕಡೆ ಐಸೆಲ್‌ಮೇರ್ ಸರೋವರ, ನಡುವೆ ಸುಮಾರು 27 ಕಿ.ಮೀ. ಉದ್ದದ ಕಟ್ಟೆ. ಏರಿಲ್ಲ, ಇಳಿಜಾರಿಲ್ಲ, ಸಿಗ್ನಲ್ಲೂ ಇಲ್ಲ. ಅಂದರೆ ಒಮ್ಮೆ ಕೂತರೆ ಏಳಲು ಒಂದು ನೆಪವೂ ಸಿಗದು. ಮಾಮೂಲಿ ಸೈಕಲ್ಲಿನಲ್ಲಾದರೆ ಆಗಾಗ ಪೆಡಲ್ ಮೇಲೆ ಎದ್ದು ನಿಲ್ಲಬಹುದು. ಇಲ್ಲಿ ಅದಕ್ಕೂ ದಾರಿಯಿಲ್ಲ. ಎದುರುಗಾಳಿ ಬೇರೆ.

"ಅಣ್ಣಾ, ಕುಂಡ್ರಾಕ ಆಗವಲ್ದು" ಎಂದ ಅವನು. ಮೈ ಒಗ್ಗಿಕೊಳ್ಳುತ್ತೆ, ನಡಿ ಎಂದೆ. ನನ್ನ ಪೃಷ್ಠವೂ ಆಗಲೇ ಉರಿಯುತ್ತಿತ್ತು, ಎಡಗಾಲಿನ ಬೆರಳುಗಳಿಗೆ ಜೋಮು ಹಿಡಿದಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಹೊರಡುವ ಮುಂಚೆ ಅವನು ನೋವು ಎಂದಾಗ ನಾನೇ ದಪ್ಪ ಸ್ಪಂಜಿನ ಮೆತ್ತೆ ಹಾಕಿಸಿದ್ದೆ. ಕಟ್ಟೆಯ ನಡುವಿನ ಟ್ರಿಂಟೆಲ್‌ಹಾವನ್ ಎಂಬ ಸಣ್ಣ ಬಂದರಿನಲ್ಲಿ ಅವನು ಇಳಿದ, ಮತ್ತೆ ಹತ್ತಲಿಲ್ಲ. ಸ್ನೇಹಿತರು ಕಾರು ತಂದು ಕರೆದುಕೊಂಡು ಹೋದರು. ಆ ಸೈಕಲ್ಲನ್ನು ಅವನು ಮಾರಿಬಿಟ್ಟ. ನನಗೂ ಹೀಗೇ ಆಗುತ್ತಿದೆ ಎಂದು ಅವತ್ತೇ ಬಾಯಿಬಿಟ್ಟಿದ್ದರೆ ಇಬ್ಬರೂ ಕೂಡಿ ಕಾರಣ ಹುಡುಕುತ್ತಿದ್ದೆವು. ನಾನು ಮಾತು ಉಳಿಸಿಕೊಳ್ಳಲು ಹೋದೆ, ಅವನು ಸವಾರಿಯನ್ನೇ ಬಿಟ್ಟ.

ಕಾರಣ ತಿಳಿದದ್ದು ಆಮೇಲೆ, ಇಂಥ ಸೈಕಲ್‌ಗಳನ್ನೇ ರಿಪೇರಿ ಮಾಡುವ ಒಬ್ಬ ಹಿರಿಯರಿಂದ. ಅವರು ಸೀಟನ್ನು ಮುಟ್ಟಲೇ ಇಲ್ಲ. ನನ್ನನ್ನು ಕೂರಿಸಿ, ಪಕ್ಕದಲ್ಲಿ ನಿಂತು ತುಳಿಯುವುದನ್ನು ನೋಡಿದರು. ಮಾಮೂಲಿ ಸೈಕಲ್ಲಿನಲ್ಲಿ ಭಾರ ಹೊರುವುದು ಎಲುಬು. ಇಲ್ಲಿ ನಾವು ಪೃಷ್ಠದ ದೊಡ್ಡ ಸ್ನಾಯುವಿನ ಮೇಲೇ ಕೂರುತ್ತೇವೆ, ಪೆಡಲನ್ನು ನೂಕುವ ಸ್ನಾಯುವೂ ಅದೇ. ಒತ್ತಿಹೋದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ದುಡಿಮೆ ಮಾತ್ರ ನಿಲ್ಲುವುದಿಲ್ಲ. ಆ ಉರಿ ಅಲ್ಲಿಂದ ಬರುತ್ತದೆ. ಮೆತ್ತೆ ಎಷ್ಟು ದಪ್ಪವಾದರೂ ಇದು ಬದಲಾಗದು. ದಪ್ಪ ಸ್ಪಂಜು ಸೊಂಟವನ್ನು ಮೇಲೆತ್ತುತ್ತದೆ, ಬೆನ್ನಿನ ಕೆಳಭಾಗ ಸೀಟಿನಿಂದ ಬಿಡುತ್ತದೆ, ಮೈ ಮುಂದಕ್ಕೆ ಜಾರುತ್ತದೆ. ಬೆನ್ನು ಹೊರಬೇಕಾದ ಭಾರವೂ ಪೃಷ್ಠಕ್ಕೇ ಬೀಳುತ್ತದೆ. ಹುಡುಗನಿಗೆ ನಾನು ಕೊಟ್ಟ ಮದ್ದೇ ನೋವನ್ನು ಹೆಚ್ಚಿಸಿತ್ತು.

ರಸ್ತೆ ಚೆನ್ನಾಗಿ ಕಾಣಲಿ ಎಂದು ನನ್ನ ಸೀಟಿನ ಬೆನ್ನನ್ನು ತೀರ ನೆಟ್ಟಗೆ ಇಟ್ಟುಕೊಂಡಿದ್ದೆ. ನೆಲದಿಂದ ಅಳೆದರೆ 45 ಡಿಗ್ರಿಗೂ ಮೇಲಿತ್ತು. ಈಗ 35ರ ಆಸುಪಾಸಿನಲ್ಲಿದೆ, ಭಾರ ಇಡೀ ಬೆನ್ನಿಗೆ ಹಂಚಿಹೋಗಿದೆ. ಮೊದಮೊದಲು ಕುತ್ತಿಗೆ ಎತ್ತಿ ನೋಡಬೇಕಾಗಿ ಕಷ್ಟವಾಯಿತು, ನಿಧಾನಕ್ಕೆ ರೂಢಿಯಾಯಿತು. ಪೆಡಲ್ ಹೊತ್ತ ಮುಂದಿನ ಕೊಳವೆಯೂ ನನಗೆ ಉದ್ದವಾಗಿತ್ತು. ಪ್ರತಿ ಸುತ್ತಿಗೂ ಕಾಲು ಎಟುಕಿಸಲು ಸೊಂಟ ಆಚೀಚೆ ಹೊರಳುತ್ತಿತ್ತು, ಚರ್ಮ ಉಜ್ಜುತ್ತಿತ್ತು. ಇದನ್ನು ನೋಡಿಕೊಳ್ಳುವುದು ಸುಲಭ: ಪೆಡಲ್ ಅತಿ ದೂರಕ್ಕೆ ಹೋದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೇರವಾಗಬೇಕು; ಮುಂಗಾಲಿಟ್ಟು ತುಳಿಯುವಾಗ ಸ್ವಲ್ಪ ಬಾಗಿರಬೇಕು. ಜಾಲರಿ ಸೀಟಾದರೆ ಸೊಂಟದ ಹತ್ತಿರದ ಪಟ್ಟಿಗಳನ್ನು ಬಿಗಿ ಮಾಡಿ, ಬೆನ್ನೆಲುಬಿನ ತುದಿ ತಾಗುವ ಕಡೆ ಸಡಿಲ ಬಿಡುವುದು ಒಳ್ಳೆಯದು. ಹಿಂದಿನ ಜೇಬಿನಲ್ಲಿ ಪರ್ಸು, ಬೀಗದ ಕೈ ಬೇಡವೇ ಬೇಡ.

ಎಲ್ಲಕ್ಕಿಂತ ತಡವಾಗಿ ಬದಲಾದದ್ದು ನನ್ನ ತುಳಿಯುವ ರೀತಿ. ಎದುರುಗಾಳಿಗೆ ಭಾರದ ಗೇರಿನಲ್ಲಿ ಸೀಟಿಗೆ ಒತ್ತಿಕೊಂಡು ನೂಕುತ್ತಿದ್ದೆ. ಹಾಗೆ ನೂಕಿದಷ್ಟೂ ಆ ಸ್ನಾಯು ಇನ್ನಷ್ಟು ಅಪ್ಪಚ್ಚಿಯಾಗುತ್ತದೆ. ಈಗ ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯುತ್ತೇನೆ. ಅರ್ಧ ಗಂಟೆಗೊಮ್ಮೆ, ನೋವು ಬರುವ ಮೊದಲೇ, ಇಳಿದು ನಾಲ್ಕು ಹೆಜ್ಜೆ ನಡೆಯುತ್ತೇನೆ. ಪೆಡಲ್ ನಿಲ್ಲಿಸಿ ಸೈಕಲ್ ತಾನೇ ಓಡುವಾಗ ಭುಜವನ್ನು ಸೀಟಿಗೆ ಒತ್ತಿ ಸೊಂಟವನ್ನು ಒಂದು ಕ್ಷಣ ಮೇಲೆತ್ತಿದರೂ ರಕ್ತ ಹರಿಯುತ್ತದೆ. ಇದೆಲ್ಲ ಒಂದೇ ದಿನ ಮಾಡಬಾರದು. ಹಳೆಯ ಜಾಗಕ್ಕೆ ಟೇಪು ಅಂಟಿಸಿ, ಒಂದೊಂದನ್ನೇ ಬದಲಿಸಬೇಕು. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಬೆರಳಿನ ಜೋಮಿಗೆ ಕಾರಣ ಬೇರೆ: ನನ್ನ ಸೈಕಲ್ಲಿನಲ್ಲಿ ಪೆಡಲ್ ಸೀಟಿಗಿಂತ ಎತ್ತರದಲ್ಲಿದೆ. ಶೂವನ್ನು ಪೆಡಲಿಗೆ ಕಚ್ಚಿಸುವ ಕ್ಲೀಟನ್ನು ಹಿಮ್ಮಡಿಯ ಕಡೆಗೆ ಸರಿಸಿ, ಲೇಸು ಸಡಿಲಿಸಿದ ಮೇಲೆ ಬಹಳ ಮಟ್ಟಿಗೆ ಕಡಿಮೆಯಾಗಿದೆ. ಚಳಿಗಾಲದಲ್ಲಿ ಇನ್ನೊಂದು ಕೆಲಸ ಸೇರುತ್ತದೆ. ಬೆನ್ನ ಹಿಂದೆ ದಪ್ಪ ಜಾಕೆಟ್ ಬಂದು ಮೈಯನ್ನು ಮುಂದಕ್ಕೆ ದೂಡುವುದರಿಂದ ಮುಂದಿನ ಕೊಳವೆಯನ್ನು ಚೂರು ಉದ್ದ ಮಾಡಬೇಕು, ಮಾರ್ಚ್ ಹೊತ್ತಿಗೆ ಮತ್ತೆ ಟೇಪಿನ ಗುರುತಿಗೆ ತರಬೇಕು.