ಎತ್ತಿದ ಕೈ

ಕಾಳಗದ ಕಲೆಗಳಲ್ಲಿ ಮುಖ, ದವಡೆ, ಪಕ್ಕೆಗಳಿಗೆ ಅಡ್ಡವಾಗಿ ಎರಡೂ ಕೈ ಎತ್ತಿ ನಿಲ್ಲುವುದು ಮೊದಲ ಪಾಠ. ಬಹಳ ಮಂದಿಗೆ ಕೊನೆಯವರೆಗೂ ಒಗ್ಗದ ಪಾಠವೂ ಅದೇ. ಹೊಡೆತ ಕಲಿಯಲು ಕೆಲವು ತಿಂಗಳು ಸಾಕು. ಸುತ್ತು ಮುಗಿಯುವವರೆಗೆ ಕೈ ಜಾರದಂತೆ ನೋಡಿಕೊಳ್ಳಲು ವರ್ಷಗಳೇ ಬೇಕು. ಒಂದು ತೋಳಿನ ತೂಕ ಮೈತೂಕದ ಸುಮಾರು ಶೇ 5ರಷ್ಟು. ಅಂದರೆ 60 ಕಿಲೋ ತೂಗುವ ಹುಡುಗನ ಒಂದೊಂದು ಭುಜವೂ 3 ಕಿಲೋ ಹೊತ್ತುಕೊಂಡಿರುತ್ತದೆ.

ಆದರೂ ದಣಿಸುವುದು ತೂಕಕ್ಕಿಂತ ಹೆಚ್ಚಾಗಿ ಅಲುಗದೆ ನಿಲ್ಲುವಿಕೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ರಕ್ತದ ಹರಿವು ಕುಗ್ಗಿದರೆ ಭುಜದಲ್ಲಿ ಉರಿ ಏಳುತ್ತದೆ. ಅದೇ ಸ್ನಾಯು ಬಿಗಿದು ಸಡಿಲಾಗುತ್ತಿದ್ದರೆ ರಕ್ತ ಬಂದು ಹೋಗುತ್ತಿರುತ್ತದೆ, ಕೈ ಎರಡು ಪಟ್ಟು ಕೆಲಸ ಮಾಡಿದರೂ ತಡೆಯುತ್ತದೆ. ಮೊಣಕೈ ಪಕ್ಕೆಯಿಂದ ದೂರ ಹೋದಷ್ಟೂ ಭಾರ ಏರುತ್ತದೆ.

ಬಾದಾಮಿಯ ಕಲ್ಲಿನ ದೇವರಿಗೆ ಈ ಪಾಡಿಲ್ಲ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ತ್ರಿವಿಕ್ರಮ ಎಂಟು ಕೈಗಳ ಆಯುಧ, ಗುರಾಣಿಗಳನ್ನು ಈವರೆಗೆ ಇಳಿಸಿಲ್ಲ. ಮನುಷ್ಯರ ತೋಳಿನ ಮಾತಿಗೆ 12ನೇ ಶತಮಾನದ ‘ಮಾನಸೋಲ್ಲಾಸ’ ನೋಡಬೇಕು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಅದರ ಮಲ್ಲವಿನೋದದಲ್ಲಿ ಜಟ್ಟಿಗಳ ಸಾಧನೆಯನ್ನು ವಿಂಗಡಿಸಿದ್ದಾನೆ: ಭಾರ ಎತ್ತುವುದು, ನಡೆದಾಡುವುದು, ನೀರಿನಲ್ಲಿ ಈಸುವುದು, ಕಂಬದ ಸಾಮು, ಇವುಗಳ ಜೊತೆಗೆ ತೋಳಿಗೆಂದೇ ಬೇರೊಂದು ಶ್ರಮ. ಭಾರ ಎತ್ತಿದವನಿಗೆ ತೋಳಿನ ತಾಲೀಮು ಬೇಕಿಲ್ಲ ಎಂದು ಆ ಅರಸ ಭಾವಿಸಲಿಲ್ಲ. ಇಂದಿನ ಜಿಮ್ಮುಗಳಲ್ಲಿ ಹಾಗೆ ಭಾವಿಸುವವರು ಕಡಿಮೆಯಿಲ್ಲ.

ಬಾಗಲಕೋಟೆ, ಹುನಗುಂದ ಸೀಮೆಯ ಗರಡಿಮನಿಗಳಲ್ಲಿ ಈ ತಾಲೀಮಿಗೆ ಒದಗುವುದು ಕರೇಲಾ. ತಳ ದಪ್ಪಗಿದ್ದು ಹಿಡಿ ಸಣ್ಣದಾದ ಮರದ ಜೋಡಿ ಅದು. ಒಂದನ್ನು ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಟ್ಟು ತೂಗಿ ಎದೆಯ ಮುಂದಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಇನ್ನೊಂದು ಬೆನ್ನಿನ ಕಡೆ ಹೊರಟಿರಬೇಕು. ಮರ ಹಿಂದೆ ಜೋತಾಗ ಭುಜ ಸಡಿಲ, ಮೇಲೆ ಬರುವಾಗ ಬಿಗಿ. ಗಡಿಬಿಡಿ ಮಾಡಿದರೆ ಅದು ನೇರ ಮೊಣಕೈಗೆ ಬಡಿಯುತ್ತದೆ, ಆದ್ದರಿಂದ ಲಯ ತಾನಾಗಿಯೇ ಬರುತ್ತದೆ. 19ನೇ ಶತಮಾನದಲ್ಲಿ ಬ್ರಿಟಿಷರು ಇದನ್ನು ಭಾರತದಿಂದ ತಮ್ಮೂರಿಗೆ ಒಯ್ದರು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಇದರ ಹಗುರ ರೂಪವನ್ನು ಬೀಸುವುದು ಜಿಮ್ನಾಸ್ಟಿಕ್ಸ್‌ನ ಒಂದು ಸ್ಪರ್ಧೆಯೇ ಆಗಿತ್ತು. ನಮ್ಮ ಜಾತ್ರೆಗಳಲ್ಲಿ ಮಾತ್ರ ಸಿಳ್ಳೆ, ಚಪ್ಪಾಳೆ ಎಲ್ಲ ಸಂಗ್ರಾಣಿ ಕಲ್ಲಿಗೆ, ಉಸುಕಿನ ಚೀಲಕ್ಕೆ. ಅವೆರಡೂ ಒಂದು ಗಳಿಗೆಯ ಕಸುವು ತೋರಿಸುತ್ತವೆ. ಕೈ ಎತ್ತಿ ನಿಲ್ಲಲು ಬೇಕಾದದ್ದು ಬೇರೆ.

ಇಳಕಲ್ಲಿನಲ್ಲಿ ಗರಡಿ ಮೆಟ್ಟಿಲು ಹತ್ತದವರಿಗೂ ತೋಳಿನ ದುಡಿಮೆ ತಪ್ಪಿದ್ದಲ್ಲ. ಕುಣಿಮಗ್ಗದಲ್ಲಿ ಒಂದು ಕೈ ಲಾಳಿಯ ಹಗ್ಗ ಜಗ್ಗುತ್ತದೆ, ಇನ್ನೊಂದು ಹಲಗೆ ಬಡಿಯುತ್ತದೆ; ಸೀರೆ ಇಳಿಯುವವರೆಗೆ ಇದೇ ಕೆಲಸ. ಈ ಲೇಖಕನ ಮುತ್ಯಾ ಹರೆಯದಲ್ಲಿ ನಸುಕಿಗೆ ಗರಡಿ, ಬಿಸಿಲೇರಿದ ಮೇಲೆ ಮಗ್ಗ ಎಂದು ಬದುಕಿದವರು. ಬಲ ಅಂಗೈಯಲ್ಲಿ ಹಗ್ಗದ ಹಿಡಿಕೆ ಉಜ್ಜಿ ಗಂಟು ಕಟ್ಟಿತ್ತು. ಭುಜಗಳು ಮಾತ್ರ ಸದಾ ಇಳಿಬಿದ್ದಿರುತ್ತಿದ್ದವು. ಕರಾಟೆ ಕ್ಲಾಸಿನಿಂದ ಬಂದ ಮೊಮ್ಮಗ ಪಡಸಾಲೆಯಲ್ಲಿ ಮುಷ್ಟಿ ಬಿಗಿದು ನಿಂತದ್ದನ್ನು ಅವರು ಕುಣಿಯಲ್ಲಿ ಕುಳಿತೇ ನೋಡಿ, “ಭುಜಾ ಯಾಕ ಕಿವಿಗೆ ಹಚ್ಚೀಯೋ ತಮ್ಮಾ? ಇಳಿಬಿಡು. ಹೊಡಿಯೂ ಹೊತ್ತಿಗಷ್ಟ ಬಿಗಿ ಮಾಡು” ಎಂದಿದ್ದರು. ಕ್ಲಾಸಿನಲ್ಲಿ ಮಾಸ್ತರರು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಈಗಿನ ತರಬೇತಿಯ ಕ್ರಮವೂ ಇದಕ್ಕೆ ದೂರವಲ್ಲ. ಮೊದಲು ಬರಿಗೈಯಲ್ಲಿ ಗಾಳಿಗೆ ಗುದ್ದುವುದು: 3 ನಿಮಿಷ ಆಟ, 1 ನಿಮಿಷ ಬಿಡುವು. ಬಾಕ್ಸಿಂಗ್‌ನ ಈ ಲೆಕ್ಕ 1867ರ ಕ್ವೀನ್ಸ್‌ಬೆರಿ ನಿಯಮಗಳದ್ದು. ಪ್ರತಿ ಗುದ್ದಿನ ನಂತರ ಮುಷ್ಟಿ ಸೊಂಟಕ್ಕೆ ಬೀಳದೆ ಗಲ್ಲದ ಹತ್ತಿರ ಮರಳಬೇಕು. ಅದು ರೂಢಿಯಾದ ಮೇಲೆ ಅರ್ಧ ಕಿಲೋ ತೂಕ ಹಿಡಿದು ಅದೇ ಆಟ. ಅದಕ್ಕಿಂತ ಭಾರವಾದರೆ ಗುದ್ದಿನ ದಾರಿ ಕೆಡುತ್ತದೆ, ಮೊಣಕೈಗೆ ಪೆಟ್ಟು. ದಂಡ ಹೊಡೆಯುವುದು ಹೆಗಲ ಮೂಳೆಯನ್ನು ಪಕ್ಕೆಗೆ ಹಿಡಿದಿಡುವ ಸ್ನಾಯುಗಳನ್ನು ಗಟ್ಟಿ ಮಾಡುತ್ತದೆ. ಅವು ಸೋತರೆ ಕತ್ತಿನ ಸ್ನಾಯುಗಳು ಆ ಕೆಲಸ ಹೊತ್ತು ಭುಜ ಕಿವಿಯತ್ತ ಏರುತ್ತದೆ. ಉಸಿರು ಕಟ್ಟುವವರ ಕೈ ಬೇಗ ಸೋಲುತ್ತದೆ, ಗುದ್ದಿಗೊಮ್ಮೆ ಉಸಿರು ಬಿಡಬೇಕು.

ತಾಲೀಮಿನಲ್ಲಿ ಏಳುವ ಉರಿ ಕೈ ಇಳಿಸಿದ ಸ್ವಲ್ಪ ಹೊತ್ತಿಗೆ ಆರುತ್ತದೆ. ಭುಜದ ಮುಂಭಾಗದಲ್ಲಿ ಚುಚ್ಚುವ ನೋವು ಕಾಣಿಸಿ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ ಅದು ಬೇರೆ ಜಾತಿಯದು. ಆಗ ಕೈ ಎತ್ತುವ ಸಾಧನೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.