ತ್ರಾಣವಿಲ್ಲದ ಶಿರಸ್ತ್ರಾಣ

ಬಹುಕಾಲ ಸಂಸ್ಕೃತ ಕಲಿಸಿ ನಿವೃತ್ತನಾದ ನನಗೆ ಶಬ್ದಗಳ ಮೂಲವನ್ನು ಕೆದಕುವ ಚಾಳಿ ಇನ್ನೂ ಬಿಟ್ಟಿಲ್ಲ. ‘ತ್ರಾಣ’ವೆಂದರೆ ಸಂಸ್ಕೃತದಲ್ಲಿ ರಕ್ಷಣೆ, ಕನ್ನಡದ ಮನೆಮಾತಿನಲ್ಲಿ ಶಕ್ತಿ. ಹೆಲ್ಮೆಟ್ಟಿಗೆ ಶಿರಸ್ತ್ರಾಣವೆಂಬ ಹೆಸರು ಎರಡರ್ಥದಲ್ಲಿಯೂ ಒಪ್ಪತಕ್ಕದ್ದು. ಆದರೆ ಈ ಎರಡೂ ಇಲ್ಲದ ಶಿರಸ್ತ್ರಾಣವೊಂದನ್ನು ನಾನೇ ದುಡ್ಡು ಕೊಟ್ಟು ತಂದಿದ್ದೆನೆಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ತಿಕೋಟಾದ ನಮ್ಮ ಮನೆಯಿಂದ ವಿಜಯಪುರಕ್ಕೆ ಮೋಟಾರ್‌ಸೈಕಲ್ಲಿನಲ್ಲಿ ಹೋಗಿಬರುವುದು ನನ್ನ ರೂಢಿ. ದಾರಿಬದಿಯಲ್ಲಿ 150 ರೂಪಾಯಿಗೆ ದೊರೆತ ಟೊಪ್ಪಿಗೆಯನ್ನು ತೋಳಿಗೆ ಸಿಕ್ಕಿಸಿಕೊಂಡು ಹೊರಟು, ನಗರ ಸಮೀಪಿಸುತ್ತಲೇ ತಲೆಗೇರಿಸುತ್ತಿದ್ದೆನು. ಗದ್ದದ ಪಟ್ಟಿಯನ್ನು ಬಿಗಿದುದೇ ಇಲ್ಲ. ದಂಡ ತಪ್ಪಿತಲ್ಲಾ ಎಂಬುದಷ್ಟೇ ನನ್ನ ಸಮಾಧಾನ.

ಕಳೆದ ಮಾಘಮಾಸದಲ್ಲಿ ಆರು ವರ್ಷದ ಮೊಮ್ಮಗನನ್ನು ಹಿಂದೆ ಕೂರಿಸಿಕೊಂಡು ವಿಜಯಪುರದಿಂದ ಬಬಲೇಶ್ವರಕ್ಕೆ ಹೊರಟಿದ್ದೆನು. ನಗರದಲ್ಲಿ ಧರಿಸಿದ ಟೊಪ್ಪಿಗೆ ಇನ್ನೂ ತಲೆಯ ಮೇಲಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಗಾಡಿ ಜಾರಿತು. ನಾನು ನೆಲಕ್ಕೆ ಬೀಳುವ ಮೊದಲೇ ಟೊಪ್ಪಿಗೆ ಹಾರಿ, ಕಲ್ಲಿಗೆ ಬಡಿದು ಎರಡು ಹೋಳಾಯಿತು. ದೈವಕೃಪೆಯಿಂದ ನಾವಿಬ್ಬರೂ ಹೊಲದ ಮೆತ್ತನೆಯ ಎರೆಮಣ್ಣಿನಲ್ಲಿ ಬಿದ್ದಿದ್ದೆವು. ಮೊಮ್ಮಗನು ಹೋಳುಗಳನ್ನು ಆರಿಸಿ ತಂದು, “ಅಜ್ಜಾ, ನನಗ ಯಾಕ ಟೊಪಗಿ ತಂದಿಲ್ಲ?” ಎಂದನು. ನಾನು ನಿರುತ್ತರನಾದೆನು.

1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮಿನಂತೆ, ಪೇಟ ಧರಿಸಿದ ಸಿಖ್ಖರ ಹೊರತು, ನಾಲ್ಕು ವರ್ಷ ಮೀರಿದ ಸವಾರರೆಲ್ಲರೂ, ಹಿಂದೆ ಕುಳಿತವರು ಸಹ, ಪ್ರಮಾಣಿತ ಶಿರಸ್ತ್ರಾಣ ಧರಿಸತಕ್ಕದ್ದು. ನಮ್ಮ ರಾಜ್ಯದಲ್ಲಿ 2019ರಲ್ಲಿ ಇದರ ದಂಡವನ್ನು 1,000 ರೂಪಾಯಿಯಿಂದ 500ಕ್ಕೆ ಇಳಿಸಲಾಯಿತು. ತಲೆಯ ಬೆಲೆಯನ್ನು ಮಾತ್ರ ಯಾರೂ ಇಳಿಸಿಲ್ಲ. ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟ್ಟುಗಳ ತಯಾರಿಕೆ ಮತ್ತು ಮಾರಾಟ 2021ರ ಜೂನ್ 1ರಿಂದ ನಿಷಿದ್ಧವಾಗಿದೆ. ಮುದ್ರೆಯ ಮೇಲೆ ಐ.ಎಸ್. 4151 ಎಂಬ ಅಂಕೆಯನ್ನೂ, ಕೆಳಗೆ ಲೈಸನ್ಸಿನ ಸಂಖ್ಯೆಯನ್ನೂ ನೋಡಿ ಕೊಳ್ಳಬೇಕು.

ಮುದ್ರೆಗೇಕೆ ಇಷ್ಟು ಮಹತ್ವ? ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ. ಒಳಗಿನ ಥರ್ಮಾಕೋಲಿನ ದಪ್ಪ ಪದರು ತಾನು ಜಜ್ಜಿಹೋಗಿ ಪೆಟ್ಟಿನ ರಭಸವನ್ನು ನುಂಗಿ, ಮಿದುಳನ್ನು ಕಾಯುತ್ತದೆ. ಆದುದರಿಂದ ಒಮ್ಮೆ ಬಲವಾದ ಪೆಟ್ಟು ತಿಂದುದನ್ನು ಮತ್ತೆ ಧರಿಸಲಾಗದು. ನನ್ನ ಟೊಪ್ಪಿಗೆಯೊಳಗೆ ಇದ್ದುದು ಬೆರಳಿನಷ್ಟೂ ದಪ್ಪವಿಲ್ಲದ ಅರಿವೆಯ ಮೆತ್ತೆ. ಇಂಗ್ಲೆಂಡಿನಲ್ಲಿ 1935ರಲ್ಲಿ ಟಿ. ಇ. ಲಾರೆನ್ಸನು ಮೋಟಾರ್‌ಸೈಕಲ್ಲಿನಿಂದ ಬಿದ್ದು ಮಡಿದಾಗ, ಅವನನ್ನು ನೋಡಿದ ವೈದ್ಯರಲ್ಲೊಬ್ಬನಾದ ಹ್ಯೂ ಕೇರ್ನ್ಸನು ಇಂಥ ಪೆಟ್ಟುಗಳ ಅಭ್ಯಾಸಕ್ಕೆ ತೊಡಗಿ, ಹೆಲ್ಮೆಟ್ಟಿನ ಮಹತ್ವವನ್ನು 1941ರಲ್ಲಿ ಲೇಖನದ ಮೂಲಕ ಸಾರಿದನು. ಅಷ್ಟು ಹಿಂದೆಯೇ ತಿಳಿದ ವಿಷಯವನ್ನು ಮಾಸ್ತರನಾದ ನಾನು ಬಿದ್ದು ಕಲಿಯಬೇಕಾಯಿತು!

ಮರುದಿನವೇ ಮುದ್ರೆಯುಳ್ಳ ಎರಡು ಶಿರಸ್ತ್ರಾಣಗಳನ್ನು, ಮೊಮ್ಮಗನಿಗೆ ಅವನ ತಲೆಯ ಅಳತೆಯದನ್ನೇ, ತಂದೆನು. ಈಗ ಅವನು ನನ್ನ ಗದ್ದದ ಪಟ್ಟಿಯನ್ನು ಎಳೆದು ನೋಡಿ “ಹೂಂ, ಅಜ್ಜಾ” ಎನ್ನುವವರೆಗೆ ನಮ್ಮ ಗಾಡಿ ಅಂಗಳ ಬಿಡುವುದಿಲ್ಲ. ಪ್ರತಿಯೊಂದು ಮನೆಯಲ್ಲಿಯೂ ಇಂಥ ಪರೀಕ್ಷಕನೊಬ್ಬನಿರಲಿ.