ಮದ್ದು ಯಾರು ಕುಡಿಯಬೇಕು?

ಜಾತ್ರೆಯಲ್ಲಿ ಮದ್ದು ಮಾರುವವನಿಗೆ ಒಂದೇ ಬಾಟಲಿ ಸಾಕು. ಕೆಮ್ಮು, ಕೀಲುನೋವು, ನಿಶ್ಶಕ್ತಿ ಎಲ್ಲವೂ ಮಾಯ! ನೂರು ವರ್ಷದ ಹಿಂದಿನ ಔಷಧಿ ಜಾಹೀರಾತುಗಳ ಧಾಟಿಯೂ ಇದೇ. ಡಾಕ್ಟರ ಫೀಸು ಹೊಂಚಲಾಗದ ಬಡವನೇ ಅವುಗಳಿಗೆ ಸುಲಭದ ಗಿರಾಕಿ.

ಅಮೆರಿಕದ ಚಿತ್ರಕಾರ ಇ. ಡಬ್ಲ್ಯು. ಕೆಂಬಲ್ ಆ ಬಾಟಲಿಗಳನ್ನೇ ಎತ್ತಿಕೊಂಡು ವ್ಯಾಪಾರಿಗಳಿಗೆ ತಿರುಗಿಸಿ ಹಿಡಿದ. 1905ರ ಜೂನ್‌ನಲ್ಲಿ 'ಕೋಲಿಯರ್ಸ್' ವಾರಪತ್ರಿಕೆಯಲ್ಲಿ ಬಂದ ಅವನ ಚಿತ್ರದಲ್ಲಿ ಒಂದು ತಲೆಬುರುಡೆ. ಅದರ ಹಲ್ಲುಗಳೆಲ್ಲ ಔಷಧಿ ಬಾಟಲಿಗಳು. ಬಡವರಿಗೆ ಕುಡಿಸುತ್ತಿರುವುದು ರುಚಿಯಾದ ವಿಷ ಎಂಬುದು ಅದರ ಇಂಗಿತ. ಮರುವರ್ಷವೇ ಅಲ್ಲಿ ಕಾನೂನು ಬಂತು. ಆಲ್ಕೊಹಾಲ್, ಅಫೀಮು ಬೆರೆಸಿದ್ದರೆ ಲೇಬಲ್ಲಿನ ಮೇಲೆ ಬರೆಯಲೇಬೇಕಾಯಿತು. ಪವಾಡದ ಮದ್ದುಗಳ ಜಾಹೀರಾತಿಗೆ ಭಾರತ ಕಡಿವಾಣ ಹಾಕಿದ್ದು 1954ರಲ್ಲಿ.

ಆದರೆ ಬಡತನವೆಂಬ ರೋಗಕ್ಕೆ ಇನ್ನೂ ಲೇಬಲ್ ಬೇಕಾಗಿದೆ. ಅದನ್ನು ಬರೆಯಲು ಬಣ್ಣದ ಪೆನ್ಸಿಲ್ಲು, ಹಳೆಯ ಟಾನಿಕ್ ಸೀಸೆ ಇದ್ದರಾಯಿತು. 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಶಾಲೆಯ ಹುಡುಗಿಯೊಬ್ಬಳು ಹೀಗೆ ಬರೆಯಬಹುದು: 'ಸಮತಾ ಟಾನಿಕ್. ಹಸಿದವರ ಕಾಯಿಲೆಗೆ ರಾಮಬಾಣ. ದಿನಕ್ಕೆ ಮೂರು ಚಮಚ. ಸೇವಿಸಬೇಕಾದವರು: ಹೊಟ್ಟೆ ತುಂಬಿದವರು.'

ಓದಿ ನಕ್ಕ ಅಪ್ಪ ಅಮ್ಮ ಆಮೇಲೆ ಸುಮ್ಮನಾದರೆ, ಮದ್ದು ಕೆಲಸ ಮಾಡಿತೆಂದೇ ಅರ್ಥ.